12 ಬಣ್ಣದ ಮ್ಯಾಟ್ ಪ್ಯಾಲೆಟ್ಟೋ, ನಾಲ್ಕು ಬಿಡಿ ಬಣ್ಣಗಳೋ?

ಚಿಕ್ಕಪ್ಪನ ಮಗಳ ರಿಸೆಪ್ಷನ್‌ನಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಯಾಕೇ, ಹುಷಾರಿಲ್ವಾ?" ನಾಲ್ಕನೆಯವರು ನಮ್ಮ ದೊಡ್ಡಮ್ಮ. ಅವರು ಕೇಳಲೂ ಇಲ್ಲ. "ರಾತ್ರಿಯೆಲ್ಲ ಆ ಲ್ಯಾಪ್‌ಟಾಪ್ ಮುಂದೆ ಕೂತಿರ್ತೀಯ, ಕಣ್ಣು ನೋಡು ಹೇಗಾಗಿದೆ" ಎಂದು ತೀರ್ಪನ್ನೇ ಕೊಟ್ಟುಬಿಟ್ಟರು. ಆ ಕಣ್ಣಿಗೆ ನಾನು ನಲವತ್ತು ನಿಮಿಷ ಮೇಕಪ್ ಮಾಡಿದ್ದೆ. ಹೊಸ ಐಶ್ಯಾಡೋ ಪ್ಯಾಲೆಟ್‌ನಿಂದ, ಅಂದರೆ ರೆಪ್ಪೆಗೆ ಹಚ್ಚುವ ಪುಡಿಬಣ್ಣಗಳ ಡಬ್ಬಿಯಿಂದ. 1,650 ರೂಪಾಯಿ ಕೊಟ್ಟು ತರಿಸಿದ್ದು.

ಈಗ ಅದೇ ಕಂಪನಿಯವರು ಇನ್ನೊಂದು ಮ್ಯಾಟ್ (ಹೊಳಪಿಲ್ಲದ) ಪ್ಯಾಲೆಟ್ ತಂದಿದ್ದಾರೆ. ಆಫೀಸಿನ ಹುಡುಗಿಯೊಬ್ಬಳು "ತಗೋಬಹುದಾ ಅಕ್ಕ?" ಎಂದು ಕೇಳಿದಳು. ಅವಳಿಗೆ ಊಟದ ಹೊತ್ತಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಓಟು ಬಿಡಿ ಬಣ್ಣಗಳಿಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೂ ಕಾಯಿಸುವುದು ಬೇಡ.

ನಾನು ಪಕ್ಕಪಕ್ಕ ಇಟ್ಟು ಬಳಸಿ ನೋಡಿದ್ದು ಮೂರು. ಒಂದು, ಹಬ್ಬದ ರಿಯಾಯಿತಿಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ 12 ಬಣ್ಣದ ಮ್ಯಾಟ್ ಪ್ಯಾಲೆಟ್. ಎರಡು, ಮಲ್ಲೇಶ್ವರದ ಒಂದು ಫ್ಯಾನ್ಸಿ ಸ್ಟೋರ್‌ನಲ್ಲಿ ಒಂದೊಂದಾಗಿ ಆರಿಸಿ ತಂದ ನಾಲ್ಕು ಬಿಡಿ ಐಶ್ಯಾಡೋ, ಒಂದೊಂದಕ್ಕೆ 370 ರೂಪಾಯಿ. ಮೂರನೆಯದು ಐಶ್ಯಾಡೋನೇ ಅಲ್ಲ. ಕೆನ್ನೆಗೆ ಹಚ್ಚುವ ಬ್ರಾಂಜರ್ ಮತ್ತು ಇಟ್ಟಿಗೆ ಬಣ್ಣದ ಬ್ಲಶ್. ಅದನ್ನೇ ಕಣ್ಣಿಗೂ ಹಚ್ಚುವುದು ನನ್ನ ತಂಗಿಯ ಉಪಾಯ. ಅವಳು ಮನೆಯಲ್ಲಿ ಇರುವುದರಲ್ಲೇ ಸುಧಾರಿಸುವವಳು.

ಪ್ಯಾಲೆಟ್ ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಕನ್ನಡಿ ಇದೆ, ಮುಚ್ಚಳ ಗಟ್ಟಿ ಇದೆ, ಬಣ್ಣಗಳನ್ನು ತಿಳಿಯಿಂದ ದಟ್ಟಕ್ಕೆ ಸಾಲಾಗಿ ಜೋಡಿಸಿದ್ದಾರೆ. 2010ರಲ್ಲಿ ಅರ್ಬನ್ ಡಿಕೇ ಕಂಪನಿಯ ನೇಕೆಡ್ ಪ್ಯಾಲೆಟ್ ಬಂದಾಗಿನಿಂದ ಹೀಗೆ ಕಂದು ಬಣ್ಣಗಳನ್ನು ಸಾಲಾಗಿ ಇಟ್ಟರೆ ನಮ್ಮಂಥವರಿಗೆ ಕೈ ತಡೆಯುವುದಿಲ್ಲ. ಅದರಲ್ಲೂ 12 ಬಣ್ಣ ಇತ್ತು, ಇದರಲ್ಲೂ 12. ವ್ಯತ್ಯಾಸ ಏನೆಂದರೆ ಇದು ಪೂರ್ತಿ ಮ್ಯಾಟ್, ಹೊಳಪು ಒಂದು ಚೂರೂ ಇಲ್ಲ. ತೊಂದರೆ ಶುರುವಾಗಿದ್ದು ಅಲ್ಲಿಯೇ.

ಮೊದಲ ದಿನ ಮುಂಗೈ ಒಳಭಾಗಕ್ಕೆ ಬೆರಳಿನಿಂದ ಹಚ್ಚಿ ನೋಡಿದೆ. ಹನ್ನೆರಡೂ ಬೇರೆ ಬೇರೆ ಕಂಡವು. ಖುಷಿಯಾಯಿತು. ಮಾರನೆಯ ದಿನ ಬ್ರಶ್‌ನಿಂದ ರೆಪ್ಪೆಗೆ ಹಚ್ಚಿದಾಗ ಮೊದಲ ನಾಲ್ಕು ಬಣ್ಣ ಒಂದೇ ಆಗಿಬಿಟ್ಟವು. ಐದನೆಯದು "ಕ್ಯಾರಮೆಲ್" ಅಂತೆ. ರೆಪ್ಪೆಯ ಮಡಿಕೆಯಲ್ಲಿ ಅದನ್ನು ಬ್ಲೆಂಡ್ ಮಾಡುತ್ತಾ ಹೋದ ಹಾಗೆ ಕ್ಯಾರಮೆಲ್ ಹೋಗಿ ಬೂದಿ ಬಂತು. ಉಜ್ಜಿದಷ್ಟೂ ಬೂದಿ. ಮನೆಯ ಹಳದಿ ಬಲ್ಬಿನ ಬೆಳಕಲ್ಲಿ ಗೊತ್ತಾಗಲಿಲ್ಲ. ರಿಸೆಪ್ಷನ್ ಹಾಲ್‌ನ ಬಿಳಿ ಲೈಟು, ಫೋಟೋಗ್ರಾಫರ್‌ನ ಫ್ಲ್ಯಾಶ್ ಬಿದ್ದಾಗ ಎರಡು ದಿನ ನಿದ್ದೆಗೆಟ್ಟವಳ ಹಾಗೆ ಕಂಡೆ. ಗ್ರೂಪ್ ಫೋಟೋದಲ್ಲಿ ಮದುಮಗಳ ಪಕ್ಕದಲ್ಲೇ ನಿಂತಿದ್ದೇನೆ. ಆ ಫೋಟೋಗೆ ಫ್ರೇಮ್ ಹಾಕಿಸಿ ಅತ್ತೆ ಮನೆ ಗೋಡೆಗೆ ತೂಗುಹಾಕಿದ್ದಾರೆ.

ಯಾಕೆ ಹೀಗಾಯಿತು? ಬಾಕ್ಸ್ ತಿರುಗಿಸಿ ಓದಿದೆ. ಕಂದು ಬಣ್ಣ ಬರುವುದು ಐರನ್ ಆಕ್ಸೈಡ್‌ಗಳಿಂದ: ಕೆಂಪು, ಹಳದಿ, ಕಪ್ಪು ಮೂರನ್ನು ಬೇಕಾದ ಅಳತೆಯಲ್ಲಿ ಬೆರೆಸುತ್ತಾರೆ. ಲೇಬಲ್ಲಿನಲ್ಲಿ ಸಿಐ 77491, 77492, 77499 ಎಂದು ಇರುತ್ತದೆ. ಸಿಐ ಅಂದರೆ ಕಲರ್ ಇಂಡೆಕ್ಸ್, ಬಣ್ಣಗಳ ಗುರುತಿನ ಸಂಖ್ಯೆ. ಅದನ್ನು ತಿಳಿ ಮಾಡಬೇಕಾದರೆ ಸುಲಭದ ದಾರಿ ಬಿಳಿ ಸೇರಿಸುವುದು, ಅಂದರೆ ಟೈಟಾನಿಯಂ ಡೈಆಕ್ಸೈಡ್, ಸಿಐ 77891. ಬಿಳಿ ಚರ್ಮದ ಮೇಲೆ ಆ ಬಿಳಿ ಗೊತ್ತಾಗುವುದಿಲ್ಲ. ನನ್ನಂಥ, ಗೋಧಿ ಬಣ್ಣಕ್ಕಿಂತ ಒಂದು ಛಾಯೆ ಕಪ್ಪಗಿರುವವರಿಗೆ ಅದು ಮೇಲೆದ್ದು ನಿಲ್ಲುತ್ತದೆ. ಕಂದು ಮಂಕಾಗುತ್ತದೆ, ಬಿಳಿ ಎದ್ದು ಕಾಣುತ್ತದೆ, ಎರಡೂ ಸೇರಿ ಬೂದಿ. ಶಿಮ್ಮರ್ (ಹೊಳೆಯುವ ಬಣ್ಣ) ಆಗಿದ್ದರೆ ಅದರಲ್ಲಿರುವ ಮೈಕಾದ, ಅಂದರೆ ಅಭ್ರಕದ ಹೊಳಪು ಇದನ್ನು ಸ್ವಲ್ಪ ಮುಚ್ಚುತ್ತದೆ. ಮ್ಯಾಟ್‌ನಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ.

ಅಮ್ಮನ ಊರು ಉಡುಪಿ ಹತ್ತಿರ. ಸೋದರಮಾವ ಹವ್ಯಾಸಿ ಯಕ್ಷಗಾನದಲ್ಲಿ ವೇಷ ಮಾಡುತ್ತಾರೆ. ಫೋಟೋ ನೋಡಿ ನಕ್ಕುಬಿಟ್ಟರು. "ಚೌಕಿಯಲ್ಲಿ ಚಂದ, ರಂಗಸ್ಥಳದಲ್ಲಿ ಬೂದಿ ಮಾರಾಯ್ತಿ. ಅಡಿಬಣ್ಣ ಹಾಕದೆ ಮೇಲೆ ಎಂಥ ಬಳಿದರೂ ಅಷ್ಟೇ" ಎಂದರು. ಚೌಕಿ ಅಂದರೆ ವೇಷ ಕಟ್ಟುವ ಕೋಣೆ. ಅವರ ಕಾಲದಲ್ಲಿ ಅರದಾಳ (ಹಳದಿ ಖನಿಜ), ಇಂಗಳೀಕ (ಕೆಂಪು ಖನಿಜ) ಎಲ್ಲ ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರಂತೆ. ಎಣ್ಣೆ ಇರುವುದರಿಂದ ಬಣ್ಣ ಕಚ್ಚಿ ಕೂರುತ್ತದೆ. ನಮ್ಮ ಐಶ್ಯಾಡೋ ಒಣಪುಡಿ. ಅದಕ್ಕೆ ಕಚ್ಚಿಕೊಳ್ಳಲು ಏನಾದರೂ ಅಂಟು ಕೆಳಗೆ ಬೇಕು.

ಮಾವನ ಮಾತು ಕೇಳಿ ಪ್ರಯೋಗ ಶುರು ಮಾಡಿದೆ. ಬಣ್ಣ ಕಚ್ಚಿಕೊಳ್ಳಲೆಂದು ಕೆಳಗೆ ಹಚ್ಚುವ ಪ್ರೈಮರ್ ಹಾಕಿದೆ. ಅದೂ ಬೆಳ್ಳಗೆ ಇತ್ತು, ಬೂದಿ ಇನ್ನೂ ಗಟ್ಟಿಯಾಗಿ ನಿಂತಿತು ಅಷ್ಟೇ. ಆಮೇಲೆ ನನ್ನ ಚರ್ಮಕ್ಕೆ ಹೊಂದುವ, ಸ್ವಲ್ಪ ಕಿತ್ತಳೆ ಛಾಯೆಯ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಹಾಕಿ ಅದು ಒಣಗುವ ಮೊದಲೇ ಬಣ್ಣ ಹಚ್ಚಿದೆ. ಅರ್ಧ ಗೆದ್ದೆ. ಬ್ರಶ್ ಒದ್ದೆ ಮಾಡಿ ಹಚ್ಚಿದರೆ ದಟ್ಟ ಬರುತ್ತದೆ ಎಂದು ಯಾರೋ ಹೇಳಿದ್ದರು. ಅದು ಶಿಮ್ಮರ್‌ಗೆ ಸರಿ. ಮ್ಯಾಟ್ ಮಾತ್ರ ಪಟ್ಟೆಪಟ್ಟೆಯಾಯಿತು. ಸಾಲದ್ದಕ್ಕೆ ಪ್ಯಾನ್ (ಬಣ್ಣ ಒತ್ತಿಟ್ಟ ಪುಟ್ಟ ತಟ್ಟೆ) ಮೇಲೆ ಹೊಳೆಯುವ ಗಟ್ಟಿ ಪದರ ಕೂತು, ಆಮೇಲೆ ಬ್ರಶ್‌ಗೆ ಪುಡಿಯೇ ಬರಲಿಲ್ಲ. ಸೆಲ್ಲೋಟೇಪ್ ಮೆತ್ತಗೆ ಒತ್ತಿ ಎತ್ತಿದಾಗ ಆ ಪದರ ಬಂತು, ಜೊತೆಗೆ ಒಂದು ಮೂಲೆ ಬಣ್ಣವೂ ಬಂತು. ಕೊನೆಗೆ ಕ್ಯಾರಮೆಲ್‌ಗೆ ತಂಗಿಯ ಬ್ಲಶ್ ಬೆರೆಸಿದೆ. ಆಗ ಚೆನ್ನಾಗಿ ಬಂತು. ಆದರೆ 1,650 ರೂಪಾಯಿಯ ಪ್ಯಾಲೆಟ್ ಸರಿಮಾಡಲು 300 ರೂಪಾಯಿಯ ಬ್ಲಶ್ ಬೇಕು ಎಂದರೆ ಬರೀ ಬ್ಲಶ್ಶೇ ಸಾಕಲ್ವಾ?

ಬಿಡಿ ಬಣ್ಣಗಳ ಕಥೆ ಬೇರೆ. ಅಲ್ಲಿ ನಾನು ಆರಿಸಿದ್ದೇ ನನ್ನ ರೆಪ್ಪೆಗೆ ತಕ್ಕಂತೆ. ಟೆಸ್ಟರ್ ಅನ್ನು ಕಣ್ಣಿಗೆ ಹಚ್ಚಲೇಬೇಡಿ, ಹತ್ತು ಜನರ ಕೈ ಬಿದ್ದಿರುತ್ತದೆ. ಅಂಗೈ ಹಿಂಬದಿಗೆ ಹಚ್ಚಿ. ಮುಂಗೈ ಒಳಭಾಗ ಬಿಸಿಲು ಕಾಣದ ಜಾಗ, ಮುಖಕ್ಕಿಂತ ಬೆಳ್ಳಗಿರುತ್ತದೆ, ಸುಮ್ನೆ ಮೋಸ. ಹಚ್ಚಿದ ಮೇಲೆ ಬೆರಳಿನಿಂದ ಹತ್ತು ಸಲ ಉಜ್ಜಿ, ಅಂಗಡಿಯಿಂದ ಆಚೆ ಬಂದು ಬೆಳಕಿನಲ್ಲಿ ನೋಡಿ. ಉಜ್ಜಿದ ಮೇಲೂ ಕೆಂಪೋ ಕಂದೋ ಆಗಿ ಉಳಿದರೆ ಒಳ್ಳೆಯದು. ಬೂದಿಗೆ ತಿರುಗಿದರೆ ಅಲ್ಲೇ ಇಟ್ಟು ಬನ್ನಿ. ನಾನು ಹೀಗೆ ಮೂರು ಸಲ ಒಳಗೆ ಹೊರಗೆ ಓಡಾಡಿದ್ದಕ್ಕೆ ಅಂಗಡಿಯವರು "ಮೇಡಂ, ಬ್ಯಾಗ್ ಇಲ್ಲೇ ಇಟ್ಟು ಹೋಗಿ" ಎಂದರು. ಇರಲಿ.

ನನಗೆ ಸಿಕ್ಕಿದ್ದು ಇವು: ಇಟ್ಟಿಗೆ ಬಣ್ಣ, ಕಾಫಿಪುಡಿ ಬಣ್ಣ, ಹಳದಿ ಹೆಚ್ಚಿರುವ ನಸುಕಂದು, ಮತ್ತೆ ಕಪ್ಪಿಗೆ ಹತ್ತಿರದ ಕಂದು. ಕೊನೆಯದನ್ನು ಸಣ್ಣ ಬ್ರಶ್‌ನಲ್ಲಿ ರೆಪ್ಪೆಯ ಅಂಚಿಗೆ ಎಳೆದರೆ ಕಾಡಿಗೆಯ ಕೆಲಸ ಮಾಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಣ್ಣಿನ ಕೆಳಗೆ ಇಳಿಯುವುದೂ ಇಲ್ಲ.

ಬಿಡಿ ಬಣ್ಣದಲ್ಲೂ ಕಿರಿಕಿರಿ ಇದೆ. ನಾಲ್ಕು ಡಬ್ಬಿ, ನಾಲ್ಕು ಮುಚ್ಚಳ, ಬೆಳಗ್ಗೆ ಮೆಟ್ರೋ ಹಿಡಿಯುವ ಆತುರದಲ್ಲಿ ಒಂದು ಯಾವಾಗಲೂ ಮಂಚದ ಕೆಳಗೆ ಉರುಳಿರುತ್ತದೆ. ಅದಕ್ಕೇ ಒಂದು ಖಾಲಿ ಮ್ಯಾಗ್ನೆಟ್ ಕೇಸ್ ತಂದೆ, 250 ರೂಪಾಯಿ. ಎರಡು ಪ್ಯಾನ್ ಟಪ್ ಎಂದು ಕೂತವು. ಇನ್ನೆರಡು ಕೂರಲಿಲ್ಲ. ಅವು ಅಲ್ಯೂಮಿನಿಯಂ, ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಕೆಳಗೆ ತೆಳು ತಗಡಿನ ತುಂಡು ಅಂಟಿಸಿದ ಮೇಲೆ ಸರಿಹೋಯಿತು. ಡಬ್ಬಿಯಿಂದ ಪ್ಯಾನ್ ಕೀಳುವಾಗ ಹುಷಾರು, ನಸುಕಂದಿನ ಒಂದು ಅಂಚು ಒಡೆದು ನನ್ನ ಬೆಡ್‌ಶೀಟ್ ಈಗಲೂ ನಸುಕಂದೇ.

ಪುಡಿ ಉದುರುವ ವಿಷಯದಲ್ಲಿ ಮೂರೂ ಅಷ್ಟಕ್ಕಷ್ಟೇ. ಕಣ್ಣು ಮೊದಲು, ಮುಖ ಆಮೇಲೆ ಮಾಡಿಕೊಂಡರೆ ಮುಗಿಯಿತು.

ಬಾಳಿಕೆ? ಬೆಂಗಳೂರಿನ ಹವಾಮಾನಕ್ಕೆ ಮೂರೂ ಸಂಜೆವರೆಗೆ ನಿಲ್ಲುತ್ತವೆ. ಉಡುಪಿಯ ಮೇ ತಿಂಗಳ ಮದುವೆಗೆ ಯಾವುದೂ ನಿಲ್ಲುವುದಿಲ್ಲ.

ತಂಗಿಯ ಉಪಾಯಕ್ಕೂ ಒಂದು ಮಾತು ಹೇಳಬೇಕು. ದಿನನಿತ್ಯಕ್ಕೆ ಅದು ನಿಜಕ್ಕೂ ಚೆನ್ನಾಗಿದೆ. ಕೆನ್ನೆಗೂ ಕಣ್ಣಿಗೂ ಒಂದೇ ಬಣ್ಣ ಇರುವುದರಿಂದ ಮುಖಕ್ಕೆ ಹೊಂದಾಣಿಕೆ ಬರುತ್ತದೆ. ದಟ್ಟ ಮಾತ್ರ ಬರುವುದಿಲ್ಲ, ರೇಷ್ಮೆ ಸೀರೆಗೆ ಸಾಲದು. ಒಂದು ಎಚ್ಚರಿಕೆ: ಮುಖದ ಬಣ್ಣಗಳೆಲ್ಲ ಕಣ್ಣಿಗೆ ಆಗುವುದಿಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಣ್ಣಿನ ಸುತ್ತ ಬಳಸಬಹುದಾದ ಬಣ್ಣಗಳ ಪಟ್ಟಿಯನ್ನೇ ಬೇರೆ ಇಟ್ಟಿದೆ. ಕೆಲವು ಗುಲಾಬಿ, ನೇರಳೆ ಬಣ್ಣಗಳು ಅದರಲ್ಲಿಲ್ಲ. ಅದಕ್ಕೇ ಕೆಲವು ಪ್ಯಾಲೆಟ್‌ಗಳ ಹಿಂದೆಯೂ "ಕಣ್ಣಿನ ಹತ್ತಿರ ಬೇಡ" ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ತಂಗಿಯ ಬ್ಲಶ್ ಲೇಬಲ್ಲಿನಲ್ಲಿ ಬರೀ ಐರನ್ ಆಕ್ಸೈಡ್ ಇದೆ, ಆದ್ದರಿಂದ ನಾನು ಧೈರ್ಯ ಮಾಡಿದೆ. ಇನ್ನು ಸಿಐ 75470 ಎಂದು ಕಂಡರೆ ಅದು ಕಾರ್ಮೈನ್, ಕೀಟದಿಂದ ತೆಗೆಯುವ ಕೆಂಪು. ಕಣ್ಣಿಗೆ ಹಚ್ಚಬಹುದು, ಆದರೆ ಅಪ್ಪಟ ಸಸ್ಯಾಹಾರಿಗಳಿಗೆ ಇಷ್ಟವಾಗಲಿಕ್ಕಿಲ್ಲ. ನನ್ನ ಇಟ್ಟಿಗೆ ಬಣ್ಣದಲ್ಲಿ ಇದೆ. ಅತ್ತೆಗೆ ಹೇಳಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ಪ್ಯಾಲೆಟ್‌ನಲ್ಲಿ ಒಂದೊಂದು ಬಣ್ಣ 1 ಗ್ರಾಂ, ಒಟ್ಟು 12 ಗ್ರಾಂ. ಗ್ರಾಂಗೆ ಸುಮಾರು 137 ರೂಪಾಯಿ. ಬಿಡಿ ಬಣ್ಣ ಒಂದೊಂದು ಒಂದೂವರೆ ಗ್ರಾಂ, ನಾಲ್ಕಕ್ಕೆ 1,480 ರೂಪಾಯಿ. ಗ್ರಾಂಗೆ ಸುಮಾರು 247. ನನ್ನ ಗಂಡ ಇಷ್ಟು ಲೆಕ್ಕ ಹಾಕಿ "ಪ್ಯಾಲೆಟ್ಟೇ ಅಗ್ಗ ಅಲ್ವಾ" ಎಂದರು. ಆದರೆ ಆ ಹನ್ನೆರಡರಲ್ಲಿ ನಾನು ಮುಟ್ಟುತ್ತಿದ್ದದ್ದು ಮೂರೇ, ಕೊನೆಯ ದಟ್ಟ ಮೂರು. ಅಂದರೆ 3 ಗ್ರಾಂಗೆ 1,650. ಗ್ರಾಂಗೆ 550 ಬಿತ್ತು. ಮಿಕ್ಕ ಒಂಬತ್ತು ಡ್ರಾಯರ್‌ನಲ್ಲಿ ಕೂತು ಹಳತಾಗುತ್ತಿದ್ದವು. ಪ್ಯಾಲೆಟ್‌ನ ಹಿಂಬದಿಯಲ್ಲಿ, ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 24 ಎಂದಿತ್ತು, ತೆರೆದ ಮೇಲೆ 24 ತಿಂಗಳು, ಎರಡು ವರ್ಷ ಅಂತ ಅರ್ಥ. ವಾರಕ್ಕೆ ನಾಲ್ಕು ದಿನ ಐದೈದು ನಿಮಿಷ ಮೇಕಪ್ ಮಾಡುವ ನಾನು ಎರಡು ವರ್ಷದಲ್ಲಿ 12 ಬಣ್ಣ ಮುಗಿಸುವುದು ಕನಸಿನ ಮಾತು.

ಹಾಗಾದರೆ ಹೊಸ ಪ್ಯಾಲೆಟ್ ಯಾರೂ ತಗೋಬಾರದಾ? ಹಾಗೇನಿಲ್ಲ. ಮದುಮಗಳ ಮೇಕಪ್ ಮಾಡುವವರಿಗೆ ಬೇಕೇ ಬೇಕು, ಅವರ ಕುರ್ಚಿಯಲ್ಲಿ ಎಲ್ಲ ಬಣ್ಣದ ಮುಖಗಳೂ ಕೂರುತ್ತವೆ. ಬೆಳ್ಳಗಿರುವವರಿಗೆ ಆ ಮೊದಲ ಸಾಲು ಚೆನ್ನಾಗಿಯೇ ಕಾಣುತ್ತದೆ. ಬಣ್ಣದ ಜೊತೆ ಆಟ ಆಡುವುದೇ ಖುಷಿ ಎನ್ನುವವರೂ ತಗೊಳ್ಳಲಿ. ಆಫೀಸಿನ ಹುಡುಗಿ ನನಗಿಂತ ಇನ್ನೂ ಒಂದು ಛಾಯೆ ಕಪ್ಪು, ವರ್ಷಕ್ಕೆ ನಾಲ್ಕು ಮದುವೆಗೆ ಬಿಟ್ಟರೆ ಐಶ್ಯಾಡೋ ಮುಟ್ಟುವವಳಲ್ಲ. ಅವಳಿಗೆ ಇಟ್ಟಿಗೆ ಒಂದು, ಕಾಫಿ ಒಂದು, 740 ರೂಪಾಯಿಗೆ ಮುಗಿಸು ಎಂದಿದ್ದೇನೆ.

ನನ್ನ ಪ್ಯಾಲೆಟ್ ಈಗ ಮೈಸೂರಿನಲ್ಲಿದೆ. ರಿಸೆಪ್ಷನ್ ಆಗಿತ್ತಲ್ಲ, ಅದೇ ಮದುಮಗಳಿಗೆ ಕೊಟ್ಟೆ. ಅವಳು ಹಾಲಿನ ಬಣ್ಣದವಳು. ಕ್ಯಾರಮೆಲ್ ಹಚ್ಚಿಕೊಂಡು ಫೋಟೋ ಕಳಿಸಿದ್ದಳು, ನಿಜವಾಗಿ ಕ್ಯಾರಮೆಲ್ ಹಾಗೇ ಇತ್ತು. ಹೊಟ್ಟೆ ಉರಿಯಿತು. ಕಾಫಿ ಬಣ್ಣದ ಪ್ಯಾನ್‌ನಲ್ಲಿ ಆಗಲೇ ತಳ ಕಾಣುತ್ತಿದೆ, ಶನಿವಾರ ಮಲ್ಲೇಶ್ವರಕ್ಕೆ ಹೋಗಬೇಕು. ಈ ಸಲ ಬ್ಯಾಗ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.