ಓ'ಹೇರ್ ಬೇಸ್‌ಗೆ ಮೂರು ದಾರಿ: ಜಂಪ್‌ಸೀಟ್, ರೈಲು ಮತ್ತು ನನ್ನ ಹಳೆಯ ಕ್ಯಾಮ್ರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕಾರಿಗೆ. ವಿಮಾನ ಹಾರಿಸಿ ಹೊಟ್ಟೆ ಹೊರೆಯುವವನು ಕೆಲಸಕ್ಕೆ ಹೋಗಲು ಕಾರೇ ವಾಸಿ ಎಂದರೆ ನಗುವವರು ಇದ್ದೇ ಇರುತ್ತಾರೆ. ಶಿವಮೊಗ್ಗದಲ್ಲಿರುವ ನನ್ನ ಸೋದರಮಾವ ಫೋನಿನಲ್ಲೇ ನಕ್ಕರು. "ಪೈಲಟ್ ಆದವನು ಮುನ್ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗುತ್ತೀಯೇನೋ? ನಿನಗೆ ವಿಮಾನ ಪುಕ್ಕಟೆ ಅಲ್ಲವೇನೋ?" ಎಂದರು. ಪುಕ್ಕಟೆಯೇ ಹೌದು ಮಾವ. ಆದರೆ ಪುಕ್ಕಟೆ ಸೀಟು ಸಿಕ್ಕರೆ ಉಂಟು, ಸಿಗದಿದ್ದರೆ ಇಲ್ಲ. ಡ್ಯೂಟಿಗೆ ಹಾಜರಾಗುವ ಹೊತ್ತಿಗೆ ಅಂಥ ರಿಯಾಯಿತಿ ಏನೂ ಇಲ್ಲ.

ನನ್ನ ಪರಿಸ್ಥಿತಿ ಹೀಗಿದೆ. ಮನೆ ಇಂಡಿಯಾನಾಪೊಲಿಸ್‌ನಲ್ಲಿ, ಹೆಂಡತಿಯ ಕೆಲಸ, ಮಗಳ ಶಾಲೆ ಎಲ್ಲ ಅಲ್ಲೇ. ಬೇಸ್, ಅಂದರೆ ನನ್ನ ಡ್ಯೂಟಿ ಶುರುವಾಗುವ ವಿಮಾನ ನಿಲ್ದಾಣ, ಶಿಕಾಗೊದ ಓ'ಹೇರ್. ನಮ್ಮೂರಿನಲ್ಲೇ ಬೇಸ್ ಇಟ್ಟುಕೊಂಡಿರುವ ಪ್ರಾದೇಶಿಕ ವಿಮಾನ ಕಂಪನಿ ಒಂದಿದೆ, ನನಗೆ ಕೆಲಸ ಸಿಕ್ಕಿದ್ದು ಇನ್ನೊಂದರಲ್ಲಿ. ಹೊಸಬರಿಗೆ ಬೇಸ್ ಸಿಗುವುದು ಸೀನಿಯಾರಿಟಿ ಪ್ರಕಾರ, ಅಂದರೆ ಹಳಬರು ಬೇಡವೆಂದು ಬಿಟ್ಟದ್ದು. ದೂರ ಸುಮಾರು 200 ಮೈಲಿ, ಬೆಂಗಳೂರಿನಿಂದ ಶಿವಮೊಗ್ಗಕ್ಕಿಂತ ತುಸು ಹೆಚ್ಚು. ಇನ್ನೂ ರಿಸರ್ವ್‌ನಲ್ಲಿದ್ದೇನೆ. ಯಾರಾದರೂ ಕಾಯಿಲೆ ಬಿದ್ದರೆ, ಮಂಜಿನಲ್ಲಿ ಯಾರದೋ ವಿಮಾನ ಬೇರೆ ಊರಲ್ಲಿ ಸಿಕ್ಕಿಬಿದ್ದರೆ ಫೋನ್ ಬರುತ್ತದೆ. ನಮ್ಮ ಕಂಪನಿಯಲ್ಲಿ ಎರಡು ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿರಬೇಕು. ಮನೆಯ ಸೋಫಾದಲ್ಲಿ ಕುಳಿತು ಮಾಡುವ ರಿಸರ್ವ್ ಅಲ್ಲ ಇದು. ಹಾಗಾಗಿ ಹಿಂದಿನ ಸಂಜೆಯೇ ಶಿಕಾಗೊ ಸೇರಿ, ಕೆಲವು ದಿನ ಅಲ್ಲೇ ಇದ್ದು, ಮತ್ತೆ ಮನೆಗೆ ಬರುವುದು.

ಈ ಓಡಾಟ ಕಾನೂನಿನ ಕಣ್ಣಿಗೆ ಕೆಲಸವಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ, 2014ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ ಕೊಡಬೇಕು, ಅದರಲ್ಲಿ 8 ಗಂಟೆ ಎಡೆಬಿಡದೆ ಮಲಗಲು ಅವಕಾಶ ಇರಬೇಕು. ಆ 10 ಗಂಟೆಯನ್ನು ನಾನು ರಸ್ತೆಯಲ್ಲಿ ಕಳೆದೆನೋ ಹಾಸಿಗೆಯಲ್ಲಿ ಕಳೆದೆನೋ ಎಂದು ಕಂಪನಿ ಕೇಳುವುದಿಲ್ಲ. ಆದರೆ ದಣಿದಿಲ್ಲ ಎಂದು ಸಹಿ ಹಾಕುವವನು ನಾನು. 2009ರ ಫೆಬ್ರುವರಿಯಲ್ಲಿ ಬಫಲೊ ಬಳಿ ಕೋಲ್ಗನ್ ಕಂಪನಿಯ 3407 ವಿಮಾನ ಬಿದ್ದು 50 ಜನ ಸತ್ತಾಗ ಈ ವಿಷಯ ಬೆಳಕಿಗೆ ಬಂತು. ಸ್ಟಾಲ್ (ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾಗದ ಸ್ಥಿತಿ) ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಆದರೆ ನೆವಾರ್ಕ್ ಬೇಸ್‌ನ ಫಸ್ಟ್ ಆಫೀಸರ್ (ಸಹಪೈಲಟ್) ಹಿಂದಿನ ರಾತ್ರಿ ಸಿಯಾಟಲ್‌ನಿಂದ ಮೆಂಫಿಸ್ ಮೇಲೆ ಹಾದು ಬಂದಿದ್ದರು, ಕ್ಯಾಪ್ಟನ್ ಮನೆ ಫ್ಲಾರಿಡಾದಲ್ಲಿತ್ತು ಎಂಬುದೂ ಅದೇ ವರದಿಯಲ್ಲಿದೆ. ನಮ್ಮ ತರಬೇತಿಯಲ್ಲಿ ಈ ಪ್ರಕರಣವನ್ನು ಓದಿಸುತ್ತಾರೆ. ಓದಿದ ಮೇಲೆ "ಹೇಗೋ ಬೆಳಿಗ್ಗೆ ಹೋಗಿ ಸೇರಿಕೊಂಡರಾಯಿತು" ಎನ್ನಲು ಬಾಯಿ ಬರುವುದಿಲ್ಲ.

ಇನ್ನು ಜಂಪ್‌ಸೀಟ್. ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಮಡಚಿಡುವ ಸೀಟು ಇದು. ಬೇರೆ ಕಂಪನಿಯ ವಿಮಾನದಲ್ಲೂ ಪರಸ್ಪರ ಒಪ್ಪಂದದ ಮೇಲೆ ಕೂರಬಹುದು. ಗೇಟ್ ಏಜೆಂಟ್ ಗುರುತಿನ ಚೀಟಿ ನೋಡಿ ಭದ್ರತಾ ಜಾಲದಲ್ಲಿ ಹೆಸರು ಪರಿಶೀಲಿಸುತ್ತಾರೆ. ಆಮೇಲೆ ನಾವು ಕಾಕ್‌ಪಿಟ್ ಬಾಗಿಲಲ್ಲಿ ನಿಂತು, ಟೋಪಿ ಇದ್ದರೆ ಕೈಗೆ ತೆಗೆದುಕೊಂಡು, ಕ್ಯಾಪ್ಟನ್ ಅಪ್ಪಣೆ ಕೇಳುತ್ತೇವೆ. ಈ ಅಪ್ಪಣೆ ಕೇಳುವ ಶಿಷ್ಟಾಚಾರ ನನಗೆ ಇಷ್ಟ. ಇಲ್ಲ ಎಂದ ಕ್ಯಾಪ್ಟನ್ ನನಗಿನ್ನೂ ಸಿಕ್ಕಿಲ್ಲ. ಒಬ್ಬರಂತೂ ತಮ್ಮ ಪಾಲಿನ ಬಿಸ್ಕತ್ತು ಪೊಟ್ಟಣವನ್ನೇ ಹಿಂದಕ್ಕೆ ಚಾಚಿದರು.

ತೊಡಕು ಇರುವುದು ತೂಕದಲ್ಲಿ. ಇಂಡಿಯಾನಾಪೊಲಿಸ್‌ನಿಂದ ಓ'ಹೇರ್‌ಗೆ ಹೋಗುವ ವಿಮಾನಗಳಲ್ಲಿ ಹಲವು ಸಣ್ಣ ಪ್ರಾದೇಶಿಕ ಜೆಟ್‌ಗಳು. ನನ್ನನ್ನು ಗೇಟಿನಲ್ಲೇ ಬಿಟ್ಟುಹೋದದ್ದು ಐವತ್ತು ಸೀಟಿನ ಸಿಆರ್‌ಜೆ-200. ಹೊರಗೆ ಪರದೆಯ ಮೇಲೆ ನೋಡಿದರೆ ಐದು ಸೀಟು ಖಾಲಿ, ಕಾಕ್‌ಪಿಟ್‌ನ ಮಡಚು ಸೀಟೂ ಖಾಲಿ. ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿ ನಾನೊಬ್ಬನೇ. ಏಜೆಂಟ್ ಮಾತ್ರ ತಲೆ ಅಲ್ಲಾಡಿಸಿ "ತೂಕದ ಮಿತಿ" ಎಂದರು.

ಪ್ರಯಾಣಿಕರಿಗೆ ಇದು ಅರ್ಥವಾಗದ ಮಾತು. ನನಗೆ ಅರ್ಥವಾಗುತ್ತದೆ, ಅದೇ ಇನ್ನೂ ಸಂಕಟ. ಆ ವಿಮಾನದ ದೂರಪಯಣದ ಮಾದರಿ 53,000 ಪೌಂಡ್ ತೂಕದಲ್ಲಿ ಏರಬಹುದು, ಆದರೆ ಇಳಿಯುವಾಗ 47,000 ಪೌಂಡ್ ಮೀರುವಂತಿಲ್ಲ. ದೂರದ ಊರಿಗೆ ಹೋಗುವಾಗ ನಡುವಿನ ಆರು ಸಾವಿರ ಪೌಂಡ್ ದಾರಿಯಲ್ಲೇ ಉರಿದು ಹೋಗುತ್ತದೆ, ಯಾರಿಗೂ ಚಿಂತೆಯಿಲ್ಲ. ಮುಕ್ಕಾಲು ಗಂಟೆಯ ಹಾರಾಟದಲ್ಲಿ ಉರಿಯುವುದು ಎರಡು ಸಾವಿರ ಪೌಂಡ್ ಆಸುಪಾಸು. ಅಂದರೆ ಏರುವಾಗಲೇ ನಲವತ್ತೊಂಬತ್ತು ಸಾವಿರದ ಸುತ್ತಮುತ್ತ ನಿಲ್ಲಬೇಕು.

ಶಿಕಾಗೊದಲ್ಲಿ ಬಿಸಿಲಿದ್ದರೆ ಇದೂ ನಡೆಯುತ್ತದೆ. ಆದರೆ ವಿಮಾನ ತಲುಪುವ ಹೊತ್ತಿನ ಒಂದು ಗಂಟೆ ಹಿಂದೆಮುಂದೆ ಮೋಡದ ತಳ 2,000 ಅಡಿಗಿಂತ ಕೆಳಗಿರುತ್ತದೆ ಅಥವಾ 3 ಮೈಲಿ ದೂರ ಕಾಣುವುದಿಲ್ಲ ಎಂದು ಮುನ್ಸೂಚನೆ ಇದ್ದರೆ, ಬದಲಿ ನಿಲ್ದಾಣಕ್ಕೆ ಹೋಗುವಷ್ಟು ಇಂಧನವನ್ನೂ ಹೊತ್ತೊಯ್ಯಬೇಕು. ಓ'ಹೇರ್ ಮೇಲೆ ಸುತ್ತು ಹಾಕಿಸುತ್ತಾರೆಂಬ ಅನುಮಾನವಿದ್ದರೆ ನೆಲದಲ್ಲಿ ಕುಳಿತು ಹಾರಾಟ ಯೋಜಿಸುವ ಡಿಸ್ಪ್ಯಾಚರ್ ಇನ್ನಷ್ಟು ಸೇರಿಸುತ್ತಾರೆ. ಬಳಸದೆ ಉಳಿಯುವ ಆ ಇಂಧನವೆಲ್ಲ ಇಳಿಯುವ ತೂಕಕ್ಕೇ ಸೇರುತ್ತದೆ. ಕೊನೆಗೆ ಏನನ್ನಾದರೂ ಇಳಿಸಬೇಕಲ್ಲ? ಟಿಕೆಟ್ ಕೊಂಡವರನ್ನು ಇಳಿಸಲಾಗದು, ಇಂಧನವನ್ನು ಇಳಿಸಕೂಡದು. ಉಳಿದವನು ನಾನು ಮತ್ತು ನನ್ನ ಪೆಟ್ಟಿಗೆ. ಇದೇ ಲೆಕ್ಕವನ್ನು ಮಾರನೆಯ ದಿನ ನಾನೂ ಹಾಕಬೇಕಾದವನು, ಹಾಗಾಗಿ ಯಾರ ಮೇಲೆ ರೇಗುವುದು?

ಹವಾಮಾನ ಇನ್ನಷ್ಟು ಕೆಟ್ಟರೆ ಆ ವಿಮಾನವೇ ರದ್ದು. ಓ'ಹೇರ್‌ಗೆ ಬರುವ ವಿಮಾನಗಳ ಸಂಖ್ಯೆ ತಗ್ಗಿಸಬೇಕಾದಾಗ ಕಂಪನಿಗಳು ಮೊದಲು ಕೈಬಿಡುವುದು ಇಂಥ ಹತ್ತಿರದ, ಸಣ್ಣ ವಿಮಾನದ ಮಾರ್ಗಗಳನ್ನೇ. ಒಬ್ಬೊಬ್ಬ ಪ್ರಯಾಣಿಕನ ನಷ್ಟ ಕಡಿಮೆ, ಇವರಾದರೂ ರಸ್ತೆಯಲ್ಲಿ ಹೋಗಬಹುದು ಎಂಬ ಲೆಕ್ಕ. ರಿಸರ್ವ್ ಪೈಲಟ್‌ಗೆ ಫೋನ್ ಬರುವುದೂ ಅಂಥ ದಿನಗಳಲ್ಲೇ. ಕೆಲಸ ಖಾತ್ರಿ ಇರುವ ದಿನವೇ ಸೀಟು ಖಾತ್ರಿ ಇಲ್ಲ!

ಬೇರೆ ಊರಿನಿಂದ ಬೇಸ್‌ಗೆ ಬರುವವರಿಗಾಗಿ ಕಮ್ಯೂಟರ್ ನಿಯಮ ಇದೆಯಲ್ಲ ಎನ್ನಬಹುದು. ಇದೆ. ಖಾಲಿ ಸೀಟು ತೋರಿಸುತ್ತಿದ್ದ ಎರಡು ವಿಮಾನಗಳಿಗೆ ಪ್ರಯತ್ನಿಸಿದ್ದೇನೆಂದು ತೋರಿಸಿದರೆ ನಮ್ಮಲ್ಲಿ ಶಿಸ್ತುಕ್ರಮ ಇಲ್ಲ. ಆದರೆ ತಪ್ಪಿದ ದಿನದ ಸಂಬಳವೂ ಇಲ್ಲ. ಮೊದಲ ವರ್ಷದ ಪ್ರೊಬೇಷನ್‌ನಲ್ಲಿ ಇರುವವನು ಆ ಪ್ರಯತ್ನದ ಪುರಾವೆ ಹಿಡಿದು ಮುಖ್ಯ ಪೈಲಟ್ ಕೋಣೆಗೆ ಹೋಗುವುದು ಯಾರಿಗೂ ಬೇಡ.

ತಮಾಷೆಯೆಂದರೆ, ನನಗಿಂತ ಮೂರು ನಾಲ್ಕು ಪಟ್ಟು ದೂರದಲ್ಲಿರುವವರ ಪಾಡು ನನ್ನದಕ್ಕಿಂತ ವಾಸಿ. ಡೆನ್ವರ್‌ನಿಂದಲೋ ಅಟ್ಲಾಂಟದಿಂದಲೋ ಬರುವವರಿಗೆ ದಿನವಿಡೀ ದೊಡ್ಡ ವಿಮಾನಗಳು. 737ರ ಕಾಕ್‌ಪಿಟ್‌ನಲ್ಲಿ ಹೆಚ್ಚುವರಿ ಸೀಟುಗಳೇ ಎರಡು. ಇಳಿಯುವ ತೂಕದ ಈ ಕಾಟವೂ ಅಷ್ಟಿಲ್ಲ. ಅವರಿಗೆ ಜಂಪ್‌ಸೀಟ್ ಸರಿಯಾದ ಆಯ್ಕೆ, ಬೇರೆ ಗತಿಯೂ ಇಲ್ಲ.

ರೈಲಿನ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಆಮ್‌ಟ್ರ್ಯಾಕ್‌ನ ಕಾರ್ಡಿನಲ್ ವಾರಕ್ಕೆ ಮೂರೇ ದಿನ, ಇಂಡಿಯಾನಾಪೊಲಿಸ್ ಬಿಡುವುದು ನಸುಕಿನಲ್ಲಿ. ಉಳಿದ ದಿನ ಓಡುತ್ತಿದ್ದ ಹೂಸಿಯರ್ ಸ್ಟೇಟ್ ರೈಲನ್ನು 2019ರಲ್ಲಿ ನಿಲ್ಲಿಸಿದರು. ಬಂದ ದಿನ ಮಾತ್ರ ಸುಖ: ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಬ್ಲೂ ಲೈನ್ ಮೆಟ್ರೊ, ಅದು ಹಗಲು ರಾತ್ರಿ ಓ'ಹೇರ್‌ಗೆ ಓಡುತ್ತದೆ. ನಿವೃತ್ತನಾದ ಮೇಲೆ ಈ ರೈಲಿನಲ್ಲಿ ಓಡಾಡುತ್ತೇನೆ. ಬಸ್ಸೂ ಇದೆ, ಕೊನೆಯ ಸಾಲಿನಲ್ಲಿ ಕೂತು ಬೆನ್ನು ಹಿಡಿಸಿಕೊಂಡ ಮೇಲೆ ಅದರ ಮಾತು ಬೇಡ.

ಕಾರಿಗೆ ಬರೋಣ. ಐ-65 ಹೆದ್ದಾರಿ ಹಿಡಿದು ನೇರ ಉತ್ತರಕ್ಕೆ. ಲಾಫಯೆಟ್ ದಾಟಿದರೆ ಜೋಳದ ಹೊಲ, ಆಮೇಲೆ ಎರಡೂ ಬದಿ ಗಾಳಿಯಂತ್ರಗಳ ಕಾಡು. ವೈಟ್ ಕೌಂಟಿಯಿಂದ ಜಾಸ್ಪರ್ ಕೌಂಟಿಗೆ ಕಾಲಿಟ್ಟ ತಕ್ಷಣ ಮೊಬೈಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹೋಗುವಾಗ ಸಿಕ್ಕ ಈ ಗಂಟೆ ಬರುವಾಗ ಕಳೆಯುತ್ತದೆ, ಮನೆಯವರಿಗೆ ಊಟದ ಹೊತ್ತು ಹೇಳುವಾಗ ಯಾವ ಊರಿನ ಏಳು ಗಂಟೆ ಎಂದು ಹೇಳಬೇಕು. ಗ್ಯಾರಿ ಸುತ್ತಮುತ್ತ ಲಾರಿಗಳ ಸಾಲು. ಅಲ್ಲಿಂದ ಐ-294ರ ಟೋಲ್ ರಸ್ತೆ. ಒಟ್ಟು ಮೂರೂವರೆ ಗಂಟೆ, ಶುಕ್ರವಾರ ಸಂಜೆಯಾದರೆ ದೇವರೇ ಗತಿ.

ಕಾರಿಗೂ ಎರಡು ಕೊರತೆಗಳಿವೆ. ಮೊದಲನೆಯದು ಮಿಶಿಗನ್ ಸರೋವರ. ಬೆಚ್ಚನೆಯ ನೀರಿನ ಮೇಲೆ ತಣ್ಣನೆ ಗಾಳಿ ಬೀಸಿದಾಗ ಇಂಡಿಯಾನಾದ ಉತ್ತರದಂಚಿನಲ್ಲಿ ಹಿಮ ಸುರಿಯುತ್ತದೆ. ಒಂದು ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ, ಹತ್ತು ಮೈಲಿ ಆಚೆ ರಸ್ತೆ ಒಣಗಿರುತ್ತದೆ. ವಿಮಾನದ ಹವಾಮಾನ ನೋಡುವ ಅಭ್ಯಾಸ ಇಲ್ಲಿ ಕೈಹಿಡಿಯಿತು: ರೇಡಾರ್ ಚಿತ್ರದಲ್ಲಿ ಆ ಪಟ್ಟಿ ಎಲ್ಲಿದೆಯೆಂದು ನೋಡಿ ಎರಡು ಗಂಟೆ ಮುಂಚೆ ಹೊರಡುತ್ತೇನೆ. ಸೀಟು ಸಿಗದ ವಿಮಾನವನ್ನು ಎರಡು ಗಂಟೆ ಮುಂಚೆ ಹೊರಡಿಸಲು ಸಾಧ್ಯವೇ?

ಎರಡನೆಯದು ವಾಪಸು ಬರುವಾಗಿನ ನಿದ್ದೆ. ನಾಲ್ಕು ದಿನದ ಹಾರಾಟ ರಾತ್ರಿ ಹನ್ನೊಂದಕ್ಕೆ ಮುಗಿದರೆ ನಾನು ಕಾರಿನ ಕೀಲಿ ಮುಟ್ಟುವುದಿಲ್ಲ. ಮಲಗಿ ಬೆಳಿಗ್ಗೆ ಹೊರಡುತ್ತೇನೆ. ಮನೆಯಲ್ಲಿ ಕಳೆಯಬಹುದಾಗಿದ್ದ ಒಂದು ರಾತ್ರಿ ಹೋಯಿತು. ಕಾರಿನ ನಿಜವಾದ ಬೆಲೆ ಇದು, ಪೆಟ್ರೋಲಲ್ಲ.

ಮಲಗುವುದೆಲ್ಲಿ? ಯಾವ ದಾರಿಯಲ್ಲಿ ಬಂದರೂ ಕ್ರ್ಯಾಶ್‌ಪ್ಯಾಡ್ ಬೇಕೇ ಬೇಕು: ವಿಮಾನ ಸಿಬ್ಬಂದಿ ಹಂಚಿಕೊಂಡು ಬಾಡಿಗೆಗೆ ಇಟ್ಟುಕೊಳ್ಳುವ ಮನೆ. ಹಾಟ್ ಬೆಡ್ ಎಂದರೆ ಅಂದು ಯಾವ ಮಂಚ ಖಾಲಿಯೋ ಅದು, ಹೊದಿಕೆ ನಮ್ಮದು. ಕೋಲ್ಡ್ ಬೆಡ್ ಎಂದರೆ ನಮ್ಮದೇ ಮಂಚ. ಎರಡನ್ನೂ ನೋಡಿ, ಈಗ ಓ'ಹೇರ್ ಪಕ್ಕದ ಡೆಸ್ ಪ್ಲೇನ್ಸ್‌ನ ಒಂದು ಮನೆಯಲ್ಲಿ ತಿಂಗಳಿಗೆ ಮುನ್ನೂರು ಚಿಲ್ಲರೆ ಡಾಲರ್ ಕೊಟ್ಟು ಕೋಲ್ಡ್ ಬೆಡ್‌ನಲ್ಲಿದ್ದೇನೆ. ಕೆಳಗಿನ ಮಂಚ, ಸುತ್ತ ದಪ್ಪ ಪರದೆ, ಕಾಲ ಬಳಿ ಯೂನಿಫಾರಂ ನೇತುಹಾಕುವ ಸರಳು. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಾದವರು ಸದಾ ಯಾರಾದರೂ ಇರುವುದರಿಂದ ರಾತ್ರಿ ಎಂಟರ ಮೇಲೆ ಕುಕ್ಕರ್ ಕೂಗಿಸುವಂತಿಲ್ಲ. ಅದಕ್ಕೇ ಮನೆಯಿಂದ ಹುಳಿಯನ್ನು ಡಬ್ಬಿಗಳಲ್ಲಿ ಫ್ರೀಜರ್‌ನಲ್ಲಿಟ್ಟು ಗಟ್ಟಿಯಾಗಿಸಿ ಒಯ್ಯುತ್ತೇನೆ. ಕಾರಿದ್ದರೆ ಇದೆಲ್ಲ ಸಲೀಸು. ಜಂಪ್‌ಸೀಟ್‌ನವರು ಹುಳಿ ಡಬ್ಬಿ ಹಿಡಿದು ಭದ್ರತಾ ತಪಾಸಣೆಯಲ್ಲಿ ನಿಂತು ನೋಡಲಿ. ಬಿಡುವಿದ್ದರೆ ಭಾರತೀಯ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿ ಕರಿಬೇವು, ತೊಗರಿಬೇಳೆ ತರಬಹುದು. ಇದು ನನ್ನ ತೀರ್ಪಿನಲ್ಲಿ ಎಷ್ಟು ಅಂಕ ಪಡೆಯಿತೆಂದು ಹೇಳಿದರೆ ನೀವು ನಗುತ್ತೀರಿ.

ಪಾರ್ಕಿಂಗ್: ಬೇಸ್‌ನ ಸಿಬ್ಬಂದಿ ಜಾಗ ನನಗೆ ಉಚಿತ. ಅಲ್ಲಿಂದ ಟರ್ಮಿನಲ್‌ಗೆ ಬಸ್, ಜನವರಿಯಲ್ಲಿ ಕಾಯುವುದು ಕಷ್ಟ.

ಹಣದ ಲೆಕ್ಕ ನೋಡಿ. ಹೋಗಿಬರಲು 400 ಮೈಲಿ, ಕ್ಯಾಮ್ರಿ ಗ್ಯಾಲನ್‌ಗೆ 30 ಕೊಡುತ್ತದೆ. ಟೋಲ್ ಸೇರಿ ಒಂದು ಸುತ್ತಿಗೆ 50 ಡಾಲರ್ ಆಸುಪಾಸು, ತಿಂಗಳಿಗೆ ನಾಲ್ಕು ಸುತ್ತಾದರೆ 200. ಜಂಪ್‌ಸೀಟ್‌ಗೆ ಸೊನ್ನೆ. ಆದರೆ ಸೀಟು ಸಿಗದೆ ಒಂದು ದಿನ ತಪ್ಪಿದರೆ ಕಡಿತವಾಗುವ ಸಂಬಳವೇ ಈ 200ಕ್ಕಿಂತ ಹೆಚ್ಚು. 2022ರಲ್ಲಿ ಪ್ರಾದೇಶಿಕ ಕಂಪನಿಗಳು ಸಂಬಳ ಏರಿಸಿದ ಮೇಲೆ ಈ ಲೆಕ್ಕ ಕಾರಿನ ಕಡೆಗೆ ಇನ್ನಷ್ಟು ವಾಲಿದೆ: ಪೆಟ್ರೋಲ್ ಹಾಕಿಸುವ ಶಕ್ತಿ ಬಂದಿದೆ, ತಪ್ಪಿದ ದಿನದ ಬೆಲೆಯೂ ಏರಿದೆ.

ಸೀನಿಯಾರಿಟಿ ಕೂಡಿ, ತಿಂಗಳ ವೇಳಾಪಟ್ಟಿ ಮೊದಲೇ ಕೈಗೆ ಬಂದು, ಮಧ್ಯಾಹ್ನ ಶುರುವಾಗಿ ಮಧ್ಯಾಹ್ನವೇ ಮುಗಿಯುವ ಟ್ರಿಪ್‌ಗಳು ಸಿಗತೊಡಗಿದರೆ ಮನೆಗೆ ಮರಳಲು ಜಂಪ್‌ಸೀಟ್ ಬಳಸಿಯೇನು. ಬರುವಾಗ ಸೀಟು ಸಿಗದಿದ್ದರೆ ಹೋಗುವುದು ನನ್ನ ಸಂಜೆ ಮಾತ್ರ. ಹೋಗುವಾಗ ಮಾತ್ರ ಕಾರೇ. ಹತ್ತಿರದ ಮಿಲ್ವಾಕಿಯಲ್ಲಿ ಮನೆಯಿರುವವರು ಇದನ್ನು ಓದುವ ಅಗತ್ಯವೇ ಇಲ್ಲ, ಸುಮ್ಮನೆ ಕಾರು ಹತ್ತಿ. ಐದು ಗಂಟೆಗಿಂತ ಹೆಚ್ಚು ಓಡಿಸಬೇಕಾದವರು ದೊಡ್ಡ ವಿಮಾನ ಹೋಗುವ ಮಾರ್ಗ ನೋಡಿಕೊಳ್ಳಿ. ನಡುವಿನ ದೂರದವರು ಮೊದಲು ನಾಲ್ಕು ಒಳ್ಳೆಯ ಟೈರು ಕೊಳ್ಳಿ, ಕೋಲ್ಡ್ ಬೆಡ್ ಆಮೇಲೆ ಹುಡುಕಿದರಾಯಿತು.