ಸೊಪ್ಪಿನ ಕೊಟ್ಟಿಗೆ, ಇಟ್ಟಿಗೆ ಗುಮ್ಮಟ, ಬಲೂನ್: ಮೂರನ್ನೂ ಸಾಕಿ ನೋಡಿದ್ದು

ಗೋಬರ್ ಗ್ಯಾಸ್ ಹಾಕಿಸಬೇಕು, ಗುಮ್ಮಟದ್ದು ಒಳ್ಳೆಯದೋ ಬಲೂನ್ ಒಳ್ಳೆಯದೋ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕೊಟ್ಟಿಗೆಯ ನೆಲ ಹೇಗಿದೆ? ಕೇಳಿದವರಿಗೆ ಇದು ಸುತ್ತು ಬಳಸಿನ ಮಾತು ಅನ್ನಿಸುತ್ತದೆ. ಆದರೆ ನಮ್ಮ ಮನೆಯಲ್ಲಿ ಆದದ್ದು ಹಾಗೇ. ಒಲೆಯ ಲೆಕ್ಕ ಹಾಕಿ ಹೊರಟೆವು, ಕೊನೆಗೆ ಕೊಟ್ಟಿಗೆಯನ್ನೇ ಬದಲಿಸಿಕೊಂಡೆವು.

ನಮ್ಮದು ಶಿರಸಿ ಕಡೆ. ಮನೆ ಮೇಲೆ, ಅಡಿಕೆ ತೋಟ ಕೆಳಗೆ. 2012ರವರೆಗೆ ಇದ್ದದ್ದು ಸೊಪ್ಪಿನ ಕೊಟ್ಟಿಗೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು ಅಂದರೆ ಉದುರಿದ ಒಣ ಎಲೆ, ದಿನಾ ದನದ ಕಾಲಡಿಗೆ ಒಂದು ಹಾಸು. ಸಗಣಿ, ಗಂಜಲ ಎರಡನ್ನೂ ಅದೇ ಹೀರಿಕೊಳ್ಳುತ್ತಿತ್ತು. ಕೆಲವು ದಿನಕ್ಕೊಮ್ಮೆ ಎಳೆದು ಗೊಬ್ಬರಗುಂಡಿಗೆ ಹಾಕಿದರೆ ಆಯ್ತು. ಇದಕ್ಕಾಗಿಯೇ ನಮ್ಮ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ಕಡಿದುಕೊಳ್ಳುವ ಕಾಡು, ಬಿಟ್ಟುಕೊಟ್ಟದ್ದು, ಬ್ರಿಟಿಷರ ಕಾಲದಿಂದ.

ಈ ಪದ್ಧತಿಯನ್ನು ಹಳೆಯದು ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದನಕ್ಕೆ ಮಲಗಲು ಮೆತ್ತಗೆ, ಕರುವಿಗೆ ಬೆಚ್ಚಗೆ, ಗಂಜಲದ ಸಾರ ಎಲ್ಲೂ ಹರಿದುಹೋಗುವುದಿಲ್ಲ. ತೊಂದರೆ ಬೇರೆ ಕಡೆ ಇತ್ತು. ಸೊಪ್ಪು ಕಡಿಯಲು ಆಳು ಸಿಗುತ್ತಿರಲಿಲ್ಲ. ಹಾಸು ಹಾಕುವುದು ಒಂದು ದಿನ ತಪ್ಪಿದರೆ ಕೆಚ್ಚಲೆಲ್ಲ ರಾಡಿ. ಉಣುಗು, ನೊಣ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಸೊಪ್ಪು ಬೆರೆತ ಸಗಣಿ ಗೋಬರ್ ಗ್ಯಾಸಿಗೆ ಆಗುವುದಿಲ್ಲ. ಎಲೆ, ಕಡ್ಡಿ ಒಳಗೆ ಹೋದರೆ ಮೇಲೆ ತೇಲಿ ಗಟ್ಟಿ ಹೊಪ್ಪಳಿಕೆ ಕಟ್ಟುತ್ತದೆ, ಗ್ಯಾಸ್ ಮೇಲೆ ಬರುವುದೇ ಇಲ್ಲ. ಅಂದರೆ ಗ್ಯಾಸ್ ಬೇಕು ಅಂದ ದಿನವೇ ಹಾಸು ಬಿಡಬೇಕು.

ಬಿಟ್ಟೆವು. ಸಿಮೆಂಟ್ ನೆಲ, ಹಿಂದೆ ಚರಂಡಿ, ಪಕ್ಕದಲ್ಲಿ ಎರಡು ಘನಮೀಟರಿನ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವ ಲೆಕ್ಕದ, ದೀನಬಂಧು. 1984ರಲ್ಲಿ ಬಂದ ಮಾದರಿ ಅದು. ನೆಲದೊಳಗೆ ಇಟ್ಟಿಗೆ ಗುಮ್ಮಟ, ತಿರುಗುವ ಏಳುವ ಭಾಗ ಒಂದೂ ಇಲ್ಲ. ತುಂಬಿದ ಗ್ಯಾಸ್ ಒಳಗಿನ ಬಗ್ಗಡವನ್ನು, ಅಂದರೆ ಕದಡಿದ ಸಗಣಿ ನೀರನ್ನು, ಹೊರತೊಟ್ಟಿಗೆ ತಳ್ಳುತ್ತದೆ, ಒಲೆ ಹಚ್ಚಿದಾಗ ಅದೇ ಬಗ್ಗಡದ ಭಾರ ಗ್ಯಾಸನ್ನು ನೂಕುತ್ತದೆ. ಇಷ್ಟೇ ಯಂತ್ರ. ಆದರೆ ಕಟ್ಟುವವನಿಗೆ ಕೈ ಪಳಗಿರಬೇಕು, ಮನೆ ಕಟ್ಟುವ ಮೇಸ್ತ್ರಿ ಸಾಕಾಗುವುದಿಲ್ಲ. ಮೊದಲ ಸಲ ತುಂಬಲು ಎರಡು ಟನ್ ಹತ್ತಿರ ಸಗಣಿ ಬೇಕಾಯಿತು. ಊರಿನ ಐದು ಮನೆಯಿಂದ ಸಾಲ ತಂದೆವು. ಸಗಣಿ ಸಾಲ ತೀರಿಸಲು ವರ್ಷ ಹಿಡಿಯಿತು ಅನ್ನಿ!

ಆರಂಭದಲ್ಲಿ ಬಂದ ಗ್ಯಾಸ್ ಹತ್ತಲೇ ಇಲ್ಲ. ಅದು ಬಹುಪಾಲು ಇಂಗಾಲದ ಡೈಆಕ್ಸೈಡ್, ಹೊರಬಿಟ್ಟು ಕಾಯಬೇಕು. ಆಮೇಲೆ ನೀಲಿ ಉರಿ.

2019ರ ಹೊತ್ತಿಗೆ ದನ ಏಳಾದವು, ಸಗಣಿ ಉಳಿಯತೊಡಗಿತು. ಆಗ ತಂದದ್ದು ಬಲೂನ್, ಅದೂ ಎರಡು ಘನಮೀಟರ್. ದಪ್ಪ ಪ್ಲಾಸ್ಟಿಕ್ ಬಟ್ಟೆಯ ಉದ್ದ ಚೀಲ. ಬೆಳಿಗ್ಗೆ ತೋಡು ತೆಗೆದು ಸಂಜೆಗೆ ಸಗಣಿ ಸುರಿದಾಗಿತ್ತು. ಎರಡು ವರ್ಷ ಎರಡಕ್ಕೂ ದಿನಕ್ಕೆ ಐವತ್ತೈವತ್ತು ಕೆಜಿ ಸಗಣಿ ಹಾಕಿದೆ. ಆದ್ದರಿಂದ ಈ ಹೋಲಿಕೆ ಸುಮ್ನೆ ಬಾಯಿಮಾತಲ್ಲ.

ಬೇಸಿಗೆಯಲ್ಲಿ ಬಲೂನೇ ಮುಂದೆ. ಬಿಸಿಲಿಗೆ ಚೀಲ ಕಾಯುತ್ತದೆ, ಮಾರ್ಚಿಯಲ್ಲಿ ಗಟ್ಟಿಯಾಗಿ ಉಬ್ಬಿ ನಿಲ್ಲುತ್ತಿತ್ತು. ಜುಲೈಯಲ್ಲಿ ನೋಡಬೇಕು, ಹಳೇ ಚೀಲದ ಹಾಗೆ ಜೋತುಬಿದ್ದಿರುತ್ತಿತ್ತು. ಗುಮ್ಮಟ ಮಣ್ಣಿನೊಳಗೆ ಇರುವುದರಿಂದ ಮಳೆಗಾಲದಲ್ಲಿ ಗ್ಯಾಸ್ ಕಡಿಮೆಯಾದರೂ ಕೈಬಿಡಲಿಲ್ಲ. ನಮ್ಮ ಕಡೆ ಮಳೆ ನಾಲ್ಕು ತಿಂಗಳು, ಹಾಗಾಗಿ ನನಗೆ ಈ ಅಂಶವೇ ದೊಡ್ಡದು. ಬಿಸಿಲು ಸೀಮೆಯವರಿಗೆ ಇರಲಿಕ್ಕಿಲ್ಲ.

ಉರಿಯ ವಿಷಯಕ್ಕೆ ಬಂದರೆ ತೀರ್ಪು ಕೊಟ್ಟವರು ನಮ್ಮ ಆಯಿ, ಅಂದರೆ ತಾಯಿ. ಬಲೂನಿನಲ್ಲಿ ಒತ್ತಡವೇ ಇರುವುದಿಲ್ಲ, ಮೇಲೆ ಮರಳಿನ ಚೀಲ ಹೇರಬೇಕು. ಹೇರಿದ ಮೇಲೂ ಚಹಾಕ್ಕೆ ಸೈ, ಕಾವಲಿ ಮಾತ್ರ ಕಾಯುತ್ತಿರಲಿಲ್ಲ. "ಈ ಉರಿಗೆ ದ್ವಾಸೆ ಆಗ್ತಿಲ್ಲೆ ತಮಾ" ಅಂದರು, ಮಾತು ಮುಗಿಯಿತು. ಗುಮ್ಮಟದ ಉರಿ ಬೆಳಿಗ್ಗೆ ಜೋರು, ಕೊನೆಕೊನೆಗೆ ಸಣ್ಣ. ಹಾಗಾಗಿ ದೋಸೆ ಮೊದಲು, ಅನ್ನ ಆಮೇಲೆ ಅಂತ ಅಡುಗೆಯೇ ಹೊಂದಿಕೊಂಡಿದೆ. ಒಂದು ಘನಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕೆಜಿ ಎಲ್‌ಪಿಜಿಗೆ ಸಮ. ಪೂರ್ತಿ ಹುಟ್ಟಿದರೆ ಎರಡು ಘನಮೀಟರಿನದ್ದು 14.2 ಕೆಜಿ ಸಿಲಿಂಡರನ್ನು ಹದಿನಾರು ಹದಿನೇಳು ದಿನಕ್ಕೆ ಉಳಿಸಬೇಕು. ವರ್ಷವಿಡೀ ಪೂರ್ತಿ ಹುಟ್ಟುವುದಿಲ್ಲ, ನಮ್ಮ ಮನೆಯಲ್ಲಿ ಸಿಲಿಂಡರ್ ಈಗಲೂ ಇದೆ.

ಇನ್ನು ಹಾಳಾಗುವ ಪರಿ. ಬಲೂನ್ ಮಾರಿದವರು ಇಲಿ ಕಡಿಯುತ್ತದೆ ಅಂತ ಎಚ್ಚರಿಸಿದ್ದರು. ಮಂಗನ ಬಗ್ಗೆ ಹೇಳಿರಲಿಲ್ಲ. ಉಬ್ಬಿದ ಚೀಲದ ಮೇಲೆ ಕುಣಿಯುವುದಕ್ಕಿಂತ ದೊಡ್ಡ ಸುಖ ಮಂಗಗಳಿಗೆ ಇನ್ನೊಂದಿಲ್ಲ. ಒಂದು ತೆಂಗಿನ ಹೆಡೆ ಬಿದ್ದು ಸೀಳಿದ್ದೂ ಆಯಿತು. ತೇಪೆ ನಾನೇ ಹಾಕಿದೆ, ನಾಲ್ಕು ಸಲ. ಅಷ್ಟರ ಮಟ್ಟಿಗೆ ಅದು ಸಲೀಸು. ಗುಮ್ಮಟ ಬಿರಿದದ್ದು ಒಂದೇ ಸಲ, ಆದರೆ ಬಿರಿದದ್ದು ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಮೇಲಿನ ಮಣ್ಣಲ್ಲಿ ಮಳೆನೀರು ನಿಂತಾಗ ಗುಳ್ಳೆ ಎದ್ದದ್ದು ಕಂಡಿತು. ಪೂರ್ತಿ ಖಾಲಿ ಮಾಡಿ, ಗಾಳಿಗೆ ದಿನಗಟ್ಟಲೆ ಬಿಟ್ಟು, ಒಳಗಿಂದ ಗಾರೆ ಮಾಡಿಸಬೇಕಾಯಿತು. ಖಾಲಿ ಕಂಡಿತು ಅಂತ ಯಾರೂ ಸೀದಾ ಒಳಗೆ ಇಳಿಯಬೇಡಿ, ಉಸಿರು ಕಟ್ಟಿ ಜೀವ ಹೋಗುತ್ತದೆ.

ತೇಲುವ ಕಬ್ಬಿಣದ ಡ್ರಮ್ಮಿನದ್ದು ಮಾವನ ಮನೆಯಲ್ಲಿತ್ತು. ಉರಿ ಒಂದೇ ಸಮ, ಅದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ವರ್ಷ ವರ್ಷ ಬಣ್ಣ ಬಳಿದರೂ ಡ್ರಮ್ ತುಕ್ಕು ತಿಂದಿತು.

ನೆಲದ ಮಾತಿಗೆ ವಾಪಸ್ ಬರುತ್ತೇನೆ, ನಾನು ಜಾಸ್ತಿ ಪೆಟ್ಟು ತಿಂದದ್ದು ಅಲ್ಲೇ. ಸಿಮೆಂಟ್ ನೆಲವನ್ನು ನುಣ್ಣಗೆ ಮಾಡಿಸಿಬಿಟ್ಟಿದ್ದೆ, ನೋಡಲು ಚಂದ ಅಂತ. ಮೊದಲ ಮಳೆಗಾಲದಲ್ಲೇ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಆಕಳು ಜಾರಿ ಬಿತ್ತು. ಆಮೇಲೆ ಗೀರು ಹಾಕಿಸಿದೆ. ಮಲಗಿ ಎದ್ದು ಮೊಣಕಾಲು ಊದಿಕೊಂಡಾಗ ರಬ್ಬರ್ ಮ್ಯಾಟ್ ತಂದೆ. ಮ್ಯಾಟ್ ಒಳ್ಳೆಯದೇ, ಆದರೆ ವಾರಕ್ಕೊಮ್ಮೆ ಎತ್ತಿ ಅಡಿ ತೊಳೆಯದಿದ್ದರೆ ಗಂಜಲ ನಿಂತು ಮೂಗು ಬಿಡಲಾಗದ ವಾಸನೆ. ತೊಳೆಯುವುದರಲ್ಲೂ ಒಂದು ಪಾಠ ಇದೆ. ಪೈಪ್ ಹಿಡಿದು ಕೊಟ್ಟಿಗೆ ತೊಳೆದ ನೀರನ್ನೆಲ್ಲ ಸಗಣಿ ಕದಡುವ ತೊಟ್ಟಿಗೆ ಬಿಡುತ್ತಿದ್ದೆ. ಗ್ಯಾಸ್ ಅರ್ಧಕ್ಕೆ ಇಳಿಯಿತು. ಸಗಣಿಗೆ ಸಮ ನೀರು ಸಾಕು, ಹಸಿ ಹುಲ್ಲು ತಿಂದ ಮಿಶ್ರತಳಿ ದನದ ತೆಳ್ಳನೆ ಸಗಣಿಗೆ ಅಷ್ಟೂ ಬೇಡ. ಈಗ ಮೊದಲು ಸಗಣಿ ಬಾಚಿ ತೊಟ್ಟಿಗೆ, ತೊಳೆದ ನೀರು ಬೇರೆ ದಾರಿಯಲ್ಲಿ ಹುಲ್ಲಿನ ಗದ್ದೆಗೆ. ಫಿನಾಯಿಲ್ ಹಾಕಿದ ದಿನವಂತೂ ಒಂದು ಹನಿ ಒಳಗೆ ಹೋಗಬಾರದು.

ಹೊರಬಂದ ಬಗ್ಗಡ ಬೇಸಿಗೆಯಲ್ಲಿ ಪೈಪಿನಲ್ಲಿ ತಾನೇ ತೋಟಕ್ಕೆ ಇಳಿಯುತ್ತದೆ. ಗೊಬ್ಬರ ಹೊರುವ ಬುಟ್ಟಿ ಅಟ್ಟ ಸೇರಿತು ಅಂತ ಖುಷಿಪಟ್ಟಿದ್ದೆ. ಜೂನ್ ಬಂದಾಗ ಗೊತ್ತಾಯಿತು, ಆ ಮಳೆಯಲ್ಲಿ ಬಿಟ್ಟ ಬಗ್ಗಡ ಅಡಿಕೆ ಬುಡದಲ್ಲಿ ನಿಲ್ಲುವುದಿಲ್ಲ, ಹಳ್ಳಕ್ಕೆ ಹೋಗುತ್ತದೆ. ಎರಡು ವರ್ಷ ಹಾಗೆ ಕಳೆದುಕೊಂಡೆ. ಆಯಿ ಹೇಳಿದ ಮೇಲೆ ಹಳೇ ಗೊಬ್ಬರಗುಂಡಿಗೆ ಮಾಡು ಕಟ್ಟಿ, ಬೇಸಿಗೆಯಲ್ಲಿ ಗುಡಿಸಿಟ್ಟ ದರಕು ತುಂಬಿ, ಮಳೆಗಾಲವಿಡೀ ಬಗ್ಗಡವನ್ನು ಅದರ ಮೇಲೆ ಬಿಡುತ್ತಿದ್ದೇನೆ. ದೀಪಾವಳಿ ಹೊತ್ತಿಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವ ಗೊಬ್ಬರ.

ಬಲೂನನ್ನು ಐದನೇ ತೇಪೆ ಹಾಕಿ ಬಾಡಿಗೆ ಜಾಗದಲ್ಲಿ ದನ ಸಾಕಿದ ನೆಂಟರೊಬ್ಬರಿಗೆ ಕೊಟ್ಟೆ. ನಾಳೆ ಜಾಗ ಬಿಡಬೇಕಾದರೆ ಮಡಚಿಕೊಂಡು ಹೋಗಬಹುದು, ಅವರಿಗೆ ಅದೇ ಸರಿ. ನಮ್ಮ ಮನೆಯಲ್ಲಿ ಗುಮ್ಮಟ ಉಳಿಯಿತು. ಕರುಗಳ ಮೂಲೆಗೆ ಮಾತ್ರ ಸಿಮೆಂಟ್ ಹಾಕಿಸಲಿಲ್ಲ. ಅಲ್ಲಿ ಈಗಲೂ ದರಕಿನ ಹಾಸು, ಆ ಕೆಲಸ ಆಯಿಯದ್ದು, ನನಗೆ ಬಿಟ್ಟುಕೊಡುವುದಿಲ್ಲ.