ಬಾಣೇರಿನ ನಮ್ಮ ‘ಜೀವವೈವಿಧ್ಯ ಉದ್ಯಾನ’: ಎರಡು ಮಳೆಗಾಲ ಕಳೆದ ಮೇಲೆ

ಪುಣೆಯ ಬಾಣೇರಿನಲ್ಲಿ ನಾವು ಮನೆ ಕೊಂಡ ವಸತಿ ಸಮುಚ್ಚಯದ ಮಾಹಿತಿ ಪುಸ್ತಿಕೆಯಲ್ಲಿ ಈಜುಕೊಳಕ್ಕಿಂತಲೂ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದುದು ‘ಜೀವವೈವಿಧ್ಯ ಉದ್ಯಾನ’. ಅದರತ್ತ ಮುಖ ಮಾಡಿದ ಮನೆಗಳಿಗೆ ‘ಗಾರ್ಡನ್ ಫೇಸಿಂಗ್’ ಎಂಬ ಹೆಸರಿನಲ್ಲಿ ಚದರಡಿಗೆ ಹೆಚ್ಚುವರಿ ದರವನ್ನೂ ತೆತ್ತಿದ್ದೇವೆ. ದುಡ್ಡು ಕೊಟ್ಟು ಕೊಂಡ ಯಾವುದೇ ವಸ್ತುವಿನಂತೆ ಇದನ್ನೂ, ಇದರ ನಿರ್ವಹಣೆಗೆ ಬಿಲ್ಡರ್ ನೇಮಿಸಿದ ಸಂಸ್ಥೆಯ ಕೆಲಸವನ್ನೂ ಎರಡು ಮಳೆಗಾಲ ನೋಡಿ ಬರೆಯುತ್ತಿದ್ದೇನೆ. ನನ್ನ ಅಂಕ ಐದಕ್ಕೆ ಎರಡು, ಮತ್ತು ಆ ಎರಡೂ ಸಲ್ಲುವುದು ಯಾರೂ ಕೈ ಹಚ್ಚದೆ ಬಿಟ್ಟ ಒಂದು ಮೂಲೆಗೆ.

ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚು ನಿರ್ಮಾಣ ವಿಸ್ತೀರ್ಣವಿರುವ ಯೋಜನೆಗಳಿಗೆ ಮೊದಲೇ ಪರಿಸರ ಅನುಮತಿ ಬೇಕು. ಷರತ್ತುಗಳನ್ನು ಪಾಲಿಸಿದ ಬಗ್ಗೆ ಆರು ತಿಂಗಳಿಗೊಮ್ಮೆ ವರದಿಯನ್ನೂ ಒಪ್ಪಿಸಬೇಕು. ನಮ್ಮ ಅನುಮತಿ ಪತ್ರದಲ್ಲಿ ನಿವೇಶನದ ಪ್ರತಿ 80 ಚದರ ಮೀಟರಿಗೆ ಒಂದು ಮರ ಇರಬೇಕೆಂದಿದೆ. 16,000 ಚದರ ಮೀಟರಿಗೆ 200 ಮರಗಳಾದವು. ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ನೆರೆಮನೆಯ ಮಾಸ್ತರರೊಂದಿಗೆ ಒಂದು ಭಾನುವಾರ ಎಣಿಸಿದಾಗ 203 ಸಿಕ್ಕವು, ಅಂದರೆ ಲೆಕ್ಕ ಚುಕ್ತಾ. ಆದರೆ ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಲಂಕಾರದ ತಾಳೆಗಳು. ಷರತ್ತು ಎಣಿಕೆಯನ್ನಷ್ಟೇ ಕೇಳಿರುವುದರಿಂದ ಹೊಂಗೆಯೂ ಒಂದೇ, ತಾಳೆಯೂ ಒಂದೇ. ಯಾವುದರ ಮೇಲೆ ಯಾವ ಹುಳ ಬಾಳುತ್ತದೆ, ಯಾವ ಹಕ್ಕಿ ಬಂದು ಕೂರುತ್ತದೆ ಎಂಬುದಕ್ಕೆ ವರದಿಯಲ್ಲಿ ಅಂಕಣವೇ ಇಲ್ಲ.

ದೊಡ್ಡ ತೊಡಕಿರುವುದು ನೆಲದಲ್ಲಿ. ಉದ್ಯಾನದ ಬಹುಭಾಗ ಪೋಡಿಯಂ ಮೇಲಿದೆ, ಅಂದರೆ ಎರಡು ಅಂತಸ್ತಿನ ಪಾರ್ಕಿಂಗಿನ ಮಾಳಿಗೆಯ ಮೇಲೆ. ಒಣಗುತ್ತಿದ್ದ ಕದಂಬವೊಂದರ ಬುಡದಲ್ಲಿ ಮಾಸ್ತರರು ಕಬ್ಬಿಣದ ಸರಳನ್ನು ಇಳಿಸಿದರೆ ಮೊಳಕ್ಕಿಂತ ಸ್ವಲ್ಪ ಕೆಳಗೆ ಅದು ಠಣ್ಣೆಂದು ನಿಂತಿತು. ಕಲಬುರಗಿ ಕಡೆಯ ಮಾಲಿ ನಕ್ಕು, “ಸರ, ಇದರ ಬುಡಕ್ಕ ಮಣ್ಣೆಲ್ಲೈತ್ರಿ, ಬರೀ ಸ್ಲ್ಯಾಬ್ ಐತಿ” ಎಂದ. ಬೇರು ಆಳಕ್ಕೆ ಇಳಿದು ಹಬ್ಬಬೇಕಾದ ಮರವನ್ನು ಕುಂಡದಲ್ಲಿಟ್ಟಂತೆ ಸಾಕುತ್ತಿರುವುದರಿಂದ ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಜೋರು ಗಾಳಿಗೆ ಊರುಗೋಲು. ಮುಂಬೈನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ನಿಯಮ ವಿಧಿಸುವ ಕನಿಷ್ಠ ತೆರೆದ ಜಾಗವನ್ನು ಪೋಡಿಯಂ ಮೇಲೆ ತೋರಿಸಲಾಗದು, ಅದು ನೆಲದ ಮಟ್ಟದಲ್ಲಿಯೇ ಇರಬೇಕು ಎಂದಿತ್ತು. ಆ ಮಾತಿನ ಬೆಲೆ ನನಗೆ ತಿಳಿದದ್ದು ಸರಳಿನ ಸದ್ದು ಕೇಳಿದ ದಿನ.

ನಿರ್ವಹಣೆಯ ಕಥೆ ಇನ್ನೂ ವಿಚಿತ್ರ. ‘ಚಿಟ್ಟೆ ವನ’ ಎಂಬ ಫಲಕದ ಹಿಂದೆ ನಾಲ್ಕು ಕಕ್ಕೆ ಗಿಡಗಳಿವೆ, ಮತ್ತು ಅದು ಒಳ್ಳೆಯ ಆಯ್ಕೆಯೇ, ಏಕೆಂದರೆ ತಿಳಿಹಳದಿ ಬಣ್ಣದ ಎಮಿಗ್ರಂಟ್ ಚಿಟ್ಟೆಗಳು ಮೊಟ್ಟೆಯಿಡುವುದು ಈ ಜಾತಿಯ ಗಿಡಗಳ ಎಳೆಯ ಎಲೆಗಳ ಮೇಲೆ. ಜುಲೈನಲ್ಲಿ ಹಸಿರು ಹುಳಗಳು ಕಾಣಿಸಿಕೊಂಡು ಎಲೆಗಳೆಲ್ಲ ತೂತಾದಾಗ ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಮೂರನೆಯ ದಿನ ನಿರ್ವಹಣಾ ಸಂಸ್ಥೆಯವರು ಪಂಪು ಹೊತ್ತು ಬಂದು ಔಷಧಿ ಹೊಡೆದರು. ಕೇಳಿದರೆ, ಹದಿನೈದು ದಿನಕ್ಕೊಮ್ಮೆ ಕೀಟನಾಶಕ ಸಿಂಪಡಿಸಬೇಕೆಂದು ಒಪ್ಪಂದದಲ್ಲಿಯೇ ಇದೆ ಎಂಬ ಉತ್ತರ. ತೆಗೆದು ನೋಡಿದೆ, ಇತ್ತು.

ಇನ್ನು ಆ ಮೂಲೆ. ಹಿಂಬದಿಯ ನಾಲೆಯ ಪಕ್ಕ ಪೋಡಿಯಂ ತಲುಪದ ಒಂದು ಪಟ್ಟಿಯಲ್ಲಿ ಹಳೆಯ ಅತ್ತಿ ಮರ, ಸುತ್ತಲೂ ಕಸದಂತೆ ಬೆಳೆದ ಲಂಟಾನ ಇವೆ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಹಣ್ಣು ಬಿಟ್ಟಾಗ ಬೆಳಿಗ್ಗೆ ಕೋಗಿಲೆ, ಪಿಕಳಾರ, ಟುಕ್ ಟುಕ್ ಎನ್ನುವ ಕಂಚುಗಾರ ಹಕ್ಕಿ, ರಾತ್ರಿ ಬಾವಲಿ. ಮಾಸ್ತರರು ಮರಕ್ಕೆ ಐವತ್ತು ದಾಟಿದೆ ಎನ್ನುತ್ತಾರೆ. ಮಹಾರಾಷ್ಟ್ರದ ನಗರ ಮರ ಸಂರಕ್ಷಣಾ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿ 50 ವರ್ಷ ತುಂಬಿದ ಮರವನ್ನು ಪಾರಂಪರಿಕ ಮರವೆಂದು ಕರೆದು, ಮರ ಕಡಿದರೆ ಅದರ ವಯಸ್ಸಿನಷ್ಟು ಸಸಿಗಳನ್ನು ನೆಡಬೇಕೆಂದಿದೆ. ಬಿಲ್ಡರ್ ಅದನ್ನು ಉಳಿಸಿದ್ದು ಮರದ ಮೇಲಿನ ಮಮತೆಯಿಂದಲೋ ಈ ಲೆಕ್ಕದಿಂದಲೋ, ಹಕ್ಕಿಗಳಿಗಂತೂ ಎರಡೂ ಒಂದೇ.

ಇಂಗ್ಲೆಂಡಿನಲ್ಲಿ 2021ರ ಪರಿಸರ ಕಾಯ್ದೆಯಂತೆ 2024ರ ಫೆಬ್ರವರಿಯಿಂದ ದೊಡ್ಡ ನಿರ್ಮಾಣಗಳು ಜೀವವೈವಿಧ್ಯವನ್ನು ಮೊದಲಿದ್ದುದಕ್ಕಿಂತ ಕನಿಷ್ಠ ಶೇ 10ರಷ್ಟು ಹೆಚ್ಚಿಸಿ ತೋರಿಸಬೇಕು, ಅದಕ್ಕಾಗಿ ರೂಪಿಸಿದ ಆವಾಸವನ್ನು 30 ವರ್ಷ ಕಾಪಾಡಬೇಕು. ಅಲ್ಲಿ ಅಳೆಯುವುದು ಆವಾಸದ ವಿಸ್ತೀರ್ಣ, ವಿಶಿಷ್ಟತೆ ಮತ್ತು ಸ್ಥಿತಿಯನ್ನು. ಜಾಗದಲ್ಲಿ ಆಗದಿದ್ದರೆ ಬೇರೆಡೆ ರೂಪಿಸಿದ ಆವಾಸದ ಪಾಲನ್ನು ‘ಯೂನಿಟ್’ ಲೆಕ್ಕದಲ್ಲಿ ಕೊಳ್ಳಲು ಅವಕಾಶವಿರುವುದರಿಂದ ಅದೂ ನಿರ್ದೋಷವಲ್ಲ. ಆದರೂ ಕಟ್ಟುವ ಮೊದಲು ಅಲ್ಲಿ ಏನಿತ್ತು ಎಂಬ ಪ್ರಶ್ನೆಯಿಂದ ಅದು ಆರಂಭವಾಗುತ್ತದೆ. ನಮ್ಮ ಕಡತದಲ್ಲಿ ಆ ಪ್ರಶ್ನೆಗೆ ‘ಖಾಲಿ ಜಾಗ’ ಎಂಬ ಎರಡೇ ಪದಗಳ ಉತ್ತರವಿದೆ. ಬಾಣೇರ್ ಟೇಕಡಿ ಎಂಬ ಗುಡ್ಡದ ಬುಡದ ಹುಲ್ಲು, ಅತ್ತಿ, ನಾಲೆ ಎಲ್ಲವೂ ಅದರಲ್ಲಿ ಅಡಗಿವೆ.

ಈ ಭಾಗದಲ್ಲಿ ಮನೆ ನೋಡುತ್ತಿರುವವರು ಮರಗಳ ಸಂಖ್ಯೆಯನ್ನು ಬಿಟ್ಟು ಪೋಡಿಯಂ ಮೇಲಿನ ಮಣ್ಣಿನ ಆಳವನ್ನೂ, ನಿರ್ವಹಣಾ ಒಪ್ಪಂದದ ಪ್ರತಿಯನ್ನೂ ಕೇಳಿ ಪಡೆಯಲಿ. ನಮ್ಮ ಸೊಸೈಟಿಯ ಸಭೆಯಲ್ಲಿ ಸಿಂಪಡಣೆಯ ಕಲಮನ್ನು ಕೈಬಿಡುವಂತೆ ಠರಾವು ಮಾಡಿ ಸಂಸ್ಥೆಗೆ ಕಳುಹಿಸಿದೆವು. ಹೊಸ ದರಪಟ್ಟಿ ಕಳೆದ ವಾರ ಬಂತು. ಸಿಂಪಡಣೆಯ ಸಾಲು ಹೋಗಿದೆ. ಒಟ್ಟು ಮೊತ್ತದಲ್ಲಿ ಒಂದು ರೂಪಾಯಿಯೂ ಇಳಿದಿಲ್ಲ.